ಎಬ್ಬಿಸುವವರನ್ನು ಎಬ್ಬಿಸುವ ಸರದಿ

ಸಂಘದ ಕೆಲಸಕ್ಕೆ ಹೋಗಿ ನಿನಗೇನು ಸಿಕ್ಕಿತು ಎಂದು ನನ್ನನ್ನು ಕೇಳದವರು ನಮ್ಮೂರಿನಲ್ಲಿ ಇಲ್ಲವೇ ಇಲ್ಲ. ಹಾಲು ಹಾಕುವವಳು ಕೇಳಿದ್ದಾಳೆ, ಗಿರಣಿಯವನು ಕೇಳಿದ್ದಾನೆ, ನನ್ನ ದೊಡ್ಡಮ್ಮನ ಮಗಳು ಮದುವೆಮನೆಯ ಪಂಕ್ತಿಯಲ್ಲಿ ಕೂತು ಹತ್ತು ಜನರ ಎದುರಿಗೆ ಕೇಳಿದ್ದಾಳೆ. ಕೇಳುವಾಗ ಅವರ ಮುಖದಲ್ಲಿ ಒಂದು ಕನಿಕರ ಬರುತ್ತದೆ ನೋಡಿ, ಅದಕ್ಕೆ ನನ್ನ ಮೈ ಉರಿಯುತ್ತದೆ. ಸಂಬಳವಿಲ್ಲ, ಸನ್ಮಾನವಿಲ್ಲ. ವರ್ಷಕ್ಕೊಂದು ಸಲ ಹೊದಿಸುವ ಶಾಲು ಸಹ ಅಧ್ಯಕ್ಷ ರೇವಣ್ಣನ ಹೆಗಲಿಗೇ ಹೋಗುತ್ತದೆ. ಹಾಗಾದರೆ ಏನು ಸಿಕ್ಕಿತು? ಹೇಳುತ್ತೇನೆ. ಆದರೆ ಅದನ್ನು ಹೇಳಬೇಕಾದರೆ ಚಿಕ್ಕೀರಪ್ಪ ಮಾವ ಏಳದೇ ಹೋದ ಬೆಳಗಿನ ಕಥೆಯನ್ನು ಹೇಳಬೇಕು.

ನಮ್ಮದು ಎಬ್ಬಿಸುವ ಕಸುಬು. ನಮ್ಮೂರಿನಲ್ಲಿ ಮಲಗಿದವರು ತಾವಾಗಿ ಏಳುವುದಿಲ್ಲ. ಬಿಸಿಲು ಮುಖಕ್ಕೆ ಬಿದ್ದರೂ ಇಲ್ಲ, ಗುಡುಗಿದರೂ ಇಲ್ಲ, ಕೊಡಗಟ್ಟಲೆ ನೀರು ಸುರಿದರೂ ಇಲ್ಲ. ಇನ್ನೊಬ್ಬ ಮನುಷ್ಯ ಬಂದು ಕರೆಯಬೇಕು, ಅದೂ ಅವರವರಿಗೆ ಹೊಂದುವ ಕರೆಯನ್ನೇ ಕರೆಯಬೇಕು. ಹೈಸ್ಕೂಲಿನ ಹೆಡ್‌ಮಾಸ್ತರು "ಒಳಗೆ ಬರ್ಲಾ ಸಾರ್?" ಎಂದರೆ ಮಾತ್ರ ಕಣ್ಣು ಬಿಡುತ್ತಾರೆ. ಅಕ್ಕಸಾಲಿಯ ಕಿವಿಯಲ್ಲಿ ಪಿಸುಗುಡಬೇಕು, ಜೋರಾಗಿ ಕರೆದರೆ ಮಗ್ಗುಲು ಬದಲಾಯಿಸಿ ಇನ್ನೂ ಚೆನ್ನಾಗಿ ಮಲಗುತ್ತಾನೆ. ತಾಲ್ಲೂಕು ಕಚೇರಿಯ ಸಾಹೇಬರನ್ನು ಏಕವಚನದಲ್ಲಿ ಬೈದು ಎಬ್ಬಿಸಬೇಕು. ಆ ಮನೆಗೆ ಹೋಗುವುದಕ್ಕೆ ನಮ್ಮಲ್ಲಿ ಪೈಪೋಟಿಯಿದೆ. ಮನೆಯಲ್ಲಿ ಒಬ್ಬರು ಎದ್ದರೆ ಉಳಿದವರನ್ನು ಅವರು ನೋಡಿಕೊಳ್ಳುತ್ತಾರೆ. ಆ ಮೊದಲಿನ ಒಬ್ಬರಿಗಾಗಿ ನಾವು.

ಸೂರ್ಯ ನೆತ್ತಿಗೆ ಬರುವುದರೊಳಗೆ ಎಬ್ಬಿಸದಿದ್ದರೆ ನಿದ್ದೆ ಹೆಪ್ಪುಗಟ್ಟುತ್ತದೆ. ಆಮೇಲೆ ಯಾವ ಕರೆಯೂ ನಾಟುವುದಿಲ್ಲ. ಅದಕ್ಕೇ ಊರಿನ ಪ್ರತಿ ಮನೆಯ ಮಾಡಿನಲ್ಲೂ ಒಂದು ಗಾಜಿನ ಹೆಂಚು, ಅದರ ಕೆಳಗೆ ನೆಲದ ಮೇಲೆ ಒಂದು ಕೆಮ್ಮಣ್ಣಿನ ಗೆರೆ. ಹೆಂಚಿನಿಂದ ಇಳಿದ ಬೆಳಕಿನ ಚೌಕ ಸರಿಯುತ್ತ ಸರಿಯುತ್ತ ಆ ಗೆರೆಯನ್ನು ದಾಟಿತೆಂದರೆ ಮುಗಿಯಿತು. ಅಂಥವರನ್ನು ಊರಾಚೆಯ ತಣ್ಣನೆ ಮನೆಯಲ್ಲಿ ಸಾಲಾಗಿ ಮಲಗಿಸಿದ್ದಾರೆ. ಉಸಿರಾಡುತ್ತಾರೆ, ಉಗುರು ಕೂದಲು ಬೆಳೆಯುತ್ತವೆ, ಅಷ್ಟೆ. ನನ್ನ ಅವ್ವ ಅಲ್ಲಿದ್ದಾಳೆ. ಹಬ್ಬದ ದಿನ ಹೋಗಿ ತಲೆ ಬಾಚಿ ಬರುತ್ತೇನೆ.

ಹಾಗಾದರೆ ಎಬ್ಬಿಸುವವರನ್ನು ಎಬ್ಬಿಸುವವರು ಯಾರು? ಅದಕ್ಕಾಗಿ ಸಂಘ. ನಮ್ಮಲ್ಲೊಬ್ಬರು ಸರದಿಯಂತೆ ಇರುಳೆಲ್ಲ ಮಲಗದೆ ಕೂತಿದ್ದು, ಬೆಳಕು ಹರಿಯುವ ಮುಂಚೆ ಉಳಿದವರ ಮನೆಮನೆಗೆ ಹೋಗಿ ಎಬ್ಬಿಸಬೇಕು. ಗಿರಾಕಿಗಳ ಮನೆಯಿಂದ ಬರುವ ಸಂಬಳ ಇದಕ್ಕಿಲ್ಲ. ಇದು ಸಂಘದ ಕೆಲಸ. ಎಲ್ಲರಿಗೂ ಬೇಕಾದ, ಯಾರೂ ಒಪ್ಪಿಕೊಳ್ಳದ ಕೆಲಸ. ಒಬ್ಬನಿಗೆ ಸರದಿಯ ದಿನವೇ ಬೆನ್ನುನೋವು, ಇನ್ನೊಬ್ಬಳಿಗೆ ಅವತ್ತೇ ನೆಂಟರು. ಒಂದು ಸಲ ನಾನು ಸಭೆಗೆ ತಡವಾಗಿ ಹೋದೆ. ಕೂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಏನೆಂದು ಕೇಳಿದರೆ ಸರದಿಯ ಉಸ್ತುವಾರಿ ಸರ್ವಾನುಮತದಿಂದ ನನ್ನದಾಗಿತ್ತು. ಬಾರದವರ ಬದಲಿಗೆ ಕೂರುವುದೂ ನನ್ನದೇ. ನಾನು ಎದ್ದು ನಿಂತು ಅವರ ಏಳು ತಲೆಮಾರನ್ನೂ ಜಾಲಾಡಿಬಿಟ್ಟೆ. ನನ್ನ ಹೆಸರು ಗಂಗಹುಚ್ಚಮ್ಮ. ಚಿಕ್ಕವರು ಹುಚ್ಚಕ್ಕ ಅನ್ನುತ್ತಾರೆ. ಹೆಸರು ಸರಿಯಾಗಿಯೇ ಇಟ್ಟಿದ್ದಾರೆ ಎಂದು ಬೆನ್ನ ಹಿಂದೆ ನಗುವವರಿದ್ದಾರೆ, ನಗಲಿ. ಅವತ್ತು ನಗದೆ ಕೂತಿದ್ದವರು ಚಿಕ್ಕೀರಪ್ಪ ಮಾವ ಒಬ್ಬರೇ. "ಬೈದಿದ್ದಾಯ್ತಲ್ಲ, ಕೂತ್ಕ ಹುಚ್ಚಮ್ಮ. ನಾನೂ ನಿನ್ ಜೊತೇಗೆ ಕೂತ್ಕತೀನಿ" ಎಂದರು. ಆ ವಯಸ್ಸಿನಲ್ಲಿ ಅವರು ಸರದಿಗೆ ಕೂರಬೇಕಾಗಿರಲಿಲ್ಲ. ಆದರೂ ಕೂತರು.

ಮಾವನೆಂದರೆ ನನಗೆ ಸಂಬಂಧದಲ್ಲಿ ಮಾವನಲ್ಲ. ಕಸುಬಿನವರೆಲ್ಲ ಅವರನ್ನು ಹಾಗೇ ಕರೆಯುವುದು, ಅವರ ಹೆಂಡತಿ ಕೆಂಪಮ್ಮ ನಮಗೆಲ್ಲ ಅತ್ತೆ. ಸಂಘದ ಜಗಲಿಯ ಮೇಲೆ ಮಾವ ಸಂಜೆ ಹೊತ್ತು ಪಾಠ ಹೇಳುತ್ತಿದ್ದರು, ಕಾಸಿಲ್ಲದೆ. ನಾವು ಒಬ್ಬೊಬ್ಬರಾಗಿ ನಿಂತು ಕರೆಯಬೇಕು. ಅವರು ಗೋಡೆಗೊರಗಿ, ಮಲಗಿದವರ ಹಾಗೆ ಕಣ್ಣು ಮುಚ್ಚಿ ಕೇಳುವರು. ಕರೆಯಲ್ಲಿ ತಪ್ಪು ಬಂತೆಂದರೆ ಎಡಗಡೆಯ ಹುಬ್ಬು ಗಂಟಾಗುತ್ತಿತ್ತು. ಇನ್ನೂ ತಪ್ಪಿದರೆ ತೋರುಬೆರಳು ಮೇಲೇಳುತ್ತಿತ್ತು. ಬೆರಳು ಎದ್ದರೆ ಬಾಯಿ ಮುಚ್ಚಿ ಬೈಸಿಕೊಳ್ಳಲು ತಯಾರಾಗಬೇಕು. ರೇವಣ್ಣ ಮೊದಲು ನಾಟಕದ ಕಂಪನಿಯಲ್ಲಿದ್ದವನು, ಗಿರಾಕಿಯ ಹೆಸರಿಗೆ ರಾಗ ಹಚ್ಚಿ ಕೈ ತಿರುಗಿಸುತ್ತಿದ್ದ. ಅದನ್ನು ಬಿಡಿಸಿ ಈಗಿನ ಗಂಭೀರ ದನಿಯನ್ನು ಅವನ ಗಂಟಲಲ್ಲಿ ಕೂರಿಸಿದವರು ಮಾವ. ಜೈನಾಬಿ ಕರೆದು ಉತ್ತರಕ್ಕೆ ಕಾಯದೆ ಮುಂದಿನ ಮನೆಗೆ ಓಡುತ್ತಿದ್ದಳು. ಅವಳ ಕಾಲನ್ನು ನಿಲ್ಲಿಸಿದರು. ಹೊಸದಾಗಿ ಸೇರಿದ ಮುದ್ದುರಂಗಪ್ಪ ಬಸ್ಸಿನ ಕಂಡಕ್ಟರ್ ಕೆಲಸ ಬಿಟ್ಟು ಬಂದವನು, ನಡುವಯಸ್ಸು. ಯಾರ ಮನೆಯ ಮುಂದೆ ನಿಂತರೂ ಅವನ ಬಾಯಿಂದ "ರೈಟ್ ರೈಟ್" ಬಂದೇ ಬರುತ್ತಿತ್ತು. ಅವನನ್ನು ಮಾವ ಇನ್ನೂ ತಿದ್ದುತ್ತಿದ್ದರು.

ನನ್ನ ತಪ್ಪು ಬೇರೆ ಥರದ್ದು. ನಾನು ಬೇಡುತ್ತಿದ್ದೆ. ಕಸುಬಿಗೆ ಬಂದ ಹೊಸದರಲ್ಲಿ ಯಾರಾದರೂ ಏಳುವುದು ಒಂಚೂರು ತಡವಾದರೂ ನನ್ನ ಬಾಯಿಂದ "ಏಳ್ರಪ್ಪ, ದಮ್ಮಯ್ಯ" ಎಂದು ಬಂದುಬಿಡುತ್ತಿತ್ತು. ಮಾವ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಮಾಡುತ್ತಿದ್ದುದು ಇದಕ್ಕೆ. "ಕರೀಬೇಕು, ಬೇಡಬಾರ್ದು. ಬೇಡಿದ್ರೆ ಮಲಗಿರೋರು ಇನ್ನೂ ಒಳಕ್ಕೆ ಇಳೀತಾರೆ. ನೀನು ಹೆದ್ರಿದೀಯ ಅಂತ ಗೊತ್ತಾದ್ಮೇಲೆ ಯಾರು ಎದ್ದು ಬತ್ತಾರೆ ಈ ಲೋಕಕ್ಕೆ?" ಎನ್ನುತ್ತಿದ್ದರು. ಬೇಡುವುದನ್ನು ಬಿಡುವುದಕ್ಕೆ ನಾನು ಬೈಯುವುದನ್ನು ಕಲಿತೆ. ಊರವರು ಕಾಣುವ ನನ್ನ ಸಿಟ್ಟು ಹುಟ್ಟಿದ್ದು ಹಾಗೆ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕರೆ ಸವೆಯುತ್ತದೆ. ಮದುವೆಯಾದರೆ, ಮಗು ಹುಟ್ಟಿದರೆ, ಮನೆಯಲ್ಲಿ ಯಾರಾದರೂ ಹೋದರೆ, ಇಲ್ಲವೇ ಸುಮ್ಮನೆ ಬಹಳ ಕಾಲ ಬಳಸಿದರೆ ಕೂಡ ಹಳೆಯ ಕರೆ ನಾಟದಂತಾಗುತ್ತದೆ. ಗಿರಾಕಿ ಕಣ್ಣು ಬಿಡುವುದು ದಿನದಿನಕ್ಕೂ ತಡವಾಗುತ್ತ ಬಂದರೆ ಹೊಸ ಕರೆ ಹುಡುಕಬೇಕು. ಗಿರಾಕಿಗಳದ್ದು ಹುಡುಕಬಹುದು. ಕಸುಬಿನವರದ್ದು ಕಷ್ಟ, ಊರಿನ ಕರೆಗಳನ್ನೆಲ್ಲ ಕೇಳಿ ಕೇಳಿ ನಮ್ಮ ಕಿವಿ ಕಲ್ಲಾಗಿರುತ್ತದೆ. ಆ ಬೆಳಗಿಗೆ ಸ್ವಲ್ಪ ದಿನ ಮುಂಚೆ ಮಾವ ಜಗಲಿಯ ಮೇಲೆ ಎಲೆ ಮಡಿಸುತ್ತ, "ನನ್ ಕರೆ ಸವೀತಾ ಐತೆ ಕಣವ್ವ. ಹೊಸದೊಂದು ನೋಡ್ಕಳಿ" ಎಂದಿದ್ದರು. ರೇವಣ್ಣ, "ನಿಮ್ದಾ? ಗಟ್ಟಿಮುಟ್ಟಾಗೈತೆ ಬಿಡಿ ಮಾವ" ಎಂದು ನಕ್ಕಿದ್ದ. ನಾವೂ ನಕ್ಕಿದ್ದೆವು.

ಆ ದಿನ ಸರದಿ ನನ್ನದು. ಮಾವನನ್ನು ಮನೆಗೆ ಕಳಿಸಿ ಒಬ್ಬಳೇ ಕೂತಿದ್ದೆ. ರೇವಣ್ಣ, ಜೈನಾಬಿ, ಮುದ್ದುರಂಗಪ್ಪ, ಉಳಿದವರು ಎಲ್ಲರನ್ನೂ ಎಬ್ಬಿಸಿ ಅವರವರ ಬೀದಿಗೆ ಅಟ್ಟಿ, ಕೊನೆಗೆ ಮಾವನ ಮನೆಗೆ ಹೋದೆ. ನಮ್ಮೂರಲ್ಲಿ ಬಾಗಿಲಿಗೆ ಚಿಲಕ ಹಾಕುವ ಪದ್ಧತಿಯಿಲ್ಲ. ಒಳಗೆ ಗೋಡೆಯ ಪಕ್ಕದ ಚಾಪೆಯಲ್ಲಿ ಮಾವ, ಆಚೆ ಕೆಂಪಮ್ಮತ್ತೆ. "ಚಿಕ್ಕೀರಪ್ಪ ಮಾವಾ, ಹೊತ್ತಾಯ್ತು, ಜನ ಕಾಯ್ತಾವ್ರೆ" ಎಂದು ಕರೆದೆ. ಅದೇ ಅವರ ಕರೆ. ರೆಪ್ಪೆ ಅಲುಗಲಿಲ್ಲ. ಇನ್ನೊಮ್ಮೆ ಕರೆದೆ. ದನಿ ಇಳಿಸಿ ಕರೆದೆ, ಏರಿಸಿ ಕರೆದೆ, ಬಾಗಿಲಾಚೆ ನಿಂತು ಕರೆದೆ. ಉಸಿರು ಸಲೀಸಾಗಿ ಆಡುತ್ತಿತ್ತು, ಮುಖ ತಿಳಿಯಾಗಿತ್ತು. ಅತ್ತೆಯ ಕರೆ ನನಗೆ ಗೊತ್ತಿತ್ತು, ಮಾವನೇ ಒಮ್ಮೆ ನಾಚಿಕೊಂಡು ಹೇಳಿದ್ದರು. "ಕೆಂಪೀ, ಒಲೆ ನಾನೇ ಹಚ್ಲಾ?" ಎಂದೆ. ಅತ್ತೆ ದಡಬಡಿಸಿ ಎದ್ದು ಕೂತರು. ಗಂಡನ ದನಿಯಲ್ಲ, ನನ್ನ ದನಿ ಎಂದು ಗೊತ್ತಾದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. ಮಾವನ ಪಾದ ಹಿಡಿದುಕೊಂಡು, "ಇಷ್ಟು ವರ್ಷವೂ ಅವ್ರೇ ನನ್ನ ಎಬ್ಬಿಸ್ತಿದ್ದಿದ್ದು. ನಂಗೆ ಕರೆಯಾಕೇ ಬರಾಕಿಲ್ವಲ್ಲವ್ವ" ಎಂದರು. ಹೇಗಾದರೂ ಕರೀರಿ ಎಂದೆ. "ಏನೂಂದ್ರೆ" ಎಂದರು, "ಇವ್ರೇ" ಎಂದರು. ಎರಡಕ್ಕೂ ಮಾವ ಅಲುಗಲಿಲ್ಲ.

ಬಿಸಿಲೇರಿತು. ಗಾಜಿನ ಹೆಂಚಿನಿಂದ ಬೆಳಕಿನ ಚೌಕ ಪಡುವಣದ ಗೋಡೆಯ ಮೇಲೆ ಇಳಿದು, ನೆಲಕ್ಕೆ ಬಂದು, ಗೆರೆಯ ಕಡೆಗೆ ಹೊರಟಿತು. ಮನೆಮನೆಯ ಕೆಲಸ ಮುಗಿಸಿಕೊಂಡು ನಮ್ಮವರು ಒಬ್ಬೊಬ್ಬರಾಗಿ ಓಡಿಬಂದರು. ಅವರ ಹಿಂದೆ ಗಿರಾಕಿಗಳೂ ಬಂದರು, ಬೀದಿ ತುಂಬಿತು. ಹೆಡ್‌ಮಾಸ್ತರು ಚಪ್ಪಲಿ ಕಳಚಿ ಕಿಟಕಿಯ ಹೊರಗೆ ಕೈಕಟ್ಟಿ ನಿಂತರು. ಒಳಗೆ ಜೈನಾಬಿ ಮಂಡಿಯೂರಿ ಕೂತು ಕರೆದಳು. ಅಷ್ಟು ಅಚ್ಚುಕಟ್ಟಾದ ಕರೆಯನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ; ಕರೆದು, ಉಸಿರು ಬಿಗಿಹಿಡಿದು, ಕಾದಳು. ಏನೂ ಆಗಲಿಲ್ಲ. ಉಳಿದವರು ಕರೆದರು. ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಕರೆದರು. ಕೊನೆಗೆ ರೇವಣ್ಣ ಶಾಲು ಸರಿಮಾಡಿಕೊಂಡು, ಎದೆಯಾಳದಿಂದ, ಒಂದಕ್ಷರ ಹೆಚ್ಚಿಲ್ಲದೆ ಒಂದಕ್ಷರ ಕಮ್ಮಿಯಿಲ್ಲದೆ ಕರೆದ. ಬೀದಿಯಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ನಿಂತವು. ಮಾವ ಮಾತ್ರ ಇನ್ನಷ್ಟು ಹಾಯಾಗಿ ಉಸಿರು ಬಿಟ್ಟರು.

ಅಷ್ಟರಲ್ಲಿ ತಣ್ಣನೆ ಮನೆಯ ಆಳುಗಳು ಬಿದಿರಿನ ಡೋಲಿ ತಂದು ಬೇವಿನ ಮರದ ಕೆಳಗೆ ಇಳಿಸಿದರು. ಅವರದ್ದೇನೂ ತಪ್ಪಿಲ್ಲ, ಸುದ್ದಿ ಮುಟ್ಟಿದರೆ ಮುಂಚಿತವಾಗಿ ಬಂದು ಕಾಯುವುದು ಅವರ ಪದ್ಧತಿ. ಆದರೂ ನಾನು ಬಾಗಿಲಿಗೆ ಬಂದು, "ಏನ್ರೋ, ಅಷ್ಟು ಅವಸರವಾ? ಎತ್ಕೊಂಡೋಗ್ರಿ ಅದನ್ನ!" ಎಂದು ಕಿರುಚಿದೆ. ಅವರು ತಲೆ ತಗ್ಗಿಸಿದರು, ಹೋಗಲಿಲ್ಲ. ಅವ್ವನಿಗೂ ಇದೇ ಡೋಲಿಯೇ ಬಂದಿತ್ತು.

ಉಳಿದವನು ಮುದ್ದುರಂಗಪ್ಪ. ಕರೆಯಲು ಹೇಳಿದರೆ ಹಿಂದೆ ಹಿಂದೆ ಸರಿದ. "ನಾನೇನ್ ಕರೀಲಿ ಅಕ್ಕ, ಇಷ್ಟ್ ದೊಡ್ಡೋರೆಲ್ಲ ಕರೆದ್ಮೇಲೆ" ಎಂದ. ಕೈ ಹಿಡಿದು ಎಳೆದುಕೊಂಡು ಬಂದೆ. ಅವನು ಎಂಜಲು ನುಂಗಿಕೊಂಡು, "ಚಿಕ್ಕೀರಪ್ಪ ಮಾವಾ, ಹೊತ್ತಾಯ್ತು, ಜನ ಕಾಯ್ತಾವ್ರೆ" ಎಂದ. ಹೆದರಿಕೆಗೆ ಬಾಯಿ ತಪ್ಪಿ ಕೊನೆಯಲ್ಲಿ "ಏಳೀ ಏಳೀ, ರೈಟ್ ರೈಟ್" ಎಂದೂ ಸೇರಿಸಿಬಿಟ್ಟ. ಹೊರಗೆ ಯಾರೋ ಕಿಸಕ್ಕನೆ ನಕ್ಕರು. ರೇವಣ್ಣ, "ಥೂ ನಿನ್ನ, ಸಾವಿನ ಮನೇಲೂ ಟಿಕೆಟ್ ಹರೀತೀಯೇನೋ!" ಎಂದು ಕೈ ಎತ್ತಿದ. ಆದರೆ ನಾನು ಮಾವನ ಮುಖ ನೋಡುತ್ತಿದ್ದೆ. ಎಡಗಡೆಯ ಹುಬ್ಬು ಒಂಚೂರು, ಬಲು ಒಂಚೂರು, ಗಂಟಾಗಿತ್ತು.

"ಇನ್ನೊಂದ್ ಸಲ ಅನ್ನು" ಎಂದೆ. ಮುದ್ದುರಂಗಪ್ಪ ನನ್ನ ಮುಖ ನೋಡಿದ. "ರೈಟ್ ಅನ್ನೋ!" ಎಂದು ಗದರಿದೆ. ಅಂದ. ಹುಬ್ಬು ಮತ್ತೆ ಗಂಟಾಯಿತು. ಈ ಸಲ ಅತ್ತೆಯೂ ನೋಡಿದರು, ಜೈನಾಬಿಯೂ ನೋಡಿದಳು. ನನಗೆ ಆಗ ಹೊಳೆಯಿತು. ನಾವು ಎಂಥ ಪೆದ್ದರು! ಇಡೀ ಬೆಳಗು ನಮ್ಮ ಅತ್ಯುತ್ತಮ ಕರೆಗಳನ್ನು ತಂದು ಅವರ ಮುಂದೆ ಸುರಿದಿದ್ದೆವು. ತಪ್ಪಿಲ್ಲದ ಕರೆ ಕೇಳಿದರೆ ಮಾವ ಏನು ಮಾಡುವರು? ಜಗಲಿಯ ಮೇಲೆ ಮಾಡುತ್ತಿದ್ದುದನ್ನೇ ಮಾಡುವರು, ಗೋಡೆಗೊರಗಿ ನೆಮ್ಮದಿಯಾಗಿ ಉಸಿರು ಬಿಡುವರು. ಅವರು ಎದ್ದು ಬರಬೇಕಾದರೆ ಇಲ್ಲಿ ತಿದ್ದಬೇಕಾದ್ದು ಏನಾದರೂ ಇರಬೇಕು.

ಮುದ್ದುರಂಗಪ್ಪನಿಗೆ ಎಲ್ಲಿಲ್ಲದ ಹುರುಪು ಬಂತು. ಊರಿನ ಎಲ್ಲ ಸ್ಟಾಪುಗಳ ಹೆಸರನ್ನೂ ಕೂಗಿದ, ಮುಂದೆ ಹೋಗಿ ಮುಂದೆ ಹೋಗಿ ಎಂದ, ಶಿಳ್ಳೆ ಹೊಡೆದ. ಹುಬ್ಬಿನ ಗಂಟು ಬಿಗಿಯಿತು, ಆದರೆ ಅಲ್ಲಿಗೇ ನಿಂತಿತು. ಜೈನಾಬಿ ಎದ್ದು ಸೆರಗು ಸಿಕ್ಕಿಸಿಕೊಂಡು, "ಮಾವ ಏಳಿ" ಎಂದವಳೇ ಬಾಗಿಲಾಚೆ ಓಡಿದಳು, ಮತ್ತೆ ಬಂದಳು, ಮತ್ತೆ ಕರೆದು ಓಡಿದಳು. ಮಾವನ ತುಟಿ ಬಿಗಿಯಾಯಿತು. ಬೆಳಕಿನ ಚೌಕ ಗೆರೆಗೆ ಒಂದು ಗೇಣು ದೂರಕ್ಕೆ ಬಂದಿತ್ತು. ನಾನು ರೇವಣ್ಣನ ಕಡೆ ತಿರುಗಿದೆ. "ಹಾಡು" ಎಂದೆ.

ಅವನ ಮುಖ ಕಪ್ಪಿಟ್ಟಿತು. "ಹುಚ್ಚಕ್ಕ, ಹೊರಗೆ ನನ್ ಗಿರಾಕಿಗಳವ್ರೆ" ಎಂದು ಹಲ್ಲು ಕಚ್ಚಿ ಹೇಳಿದ. "ಅವ್ರು ಏಳೋದು ನನ್ ಗತ್ತಿಗೆ. ಆ ಕುಣಿತ ಒಂದ್ಸಲ ನೋಡ್ಬಿಟ್ರೆ ನಾಳೆ ನನ್ ಕರೇಗೆ ಯಾರ್ ಏಳ್ತಾರೆ? ನನ್ ಹೊಟ್ಟೇಪಾಡು ಕಣಕ್ಕ ಅದು." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಸುಬಿನಲ್ಲಿ ದನಿಯ ಮೇಲಿನ ನಂಬಿಕೆ ಹೋದರೆ ಎಲ್ಲ ಹೋದ ಹಾಗೆ. ಆದರೆ ನನಗೆ ನ್ಯಾಯ ಮಾತಾಡುವ ವ್ಯವಧಾನ ಇರಲಿಲ್ಲ. "ಆ ಗತ್ತು ನಿಂಗ್ ಕೊಟ್ಟೋರು ಯಾರೋ? ನಿಮ್ಮಪ್ಪ ಕೊಟ್ನಾ? ಇಲ್ಲಿ ಮಲಗವ್ರಲ್ಲ, ಅವ್ರು ಕೊಟ್ಟಿದ್ದು. ಬಿಟ್ಟಿ ಕೊಟ್ರು. ವಾಪಸ್ ಕೊಡೋಕೆ ಕೈ ನಡುಗ್ತದಾ?" ಎಂದೆ. ಅವನು ಕೆಂಪಮ್ಮತ್ತೆಯನ್ನು ನೋಡಿದ. ಅತ್ತೆ ಗಂಡನ ಪಾದ ಒತ್ತುತ್ತಿದ್ದರು. ರೇವಣ್ಣ ಶಾಲು ತೆಗೆದು ಗೂಟಕ್ಕೆ ಹಾಕಿದ. ಕಣ್ಣು ಮುಚ್ಚಿಕೊಂಡು, ಕೈ ತಿರುಗಿಸಿ, ಪರದೆ ಮೇಲೆದ್ದಾಗ ರಾಜ ಬರುವ ಹಾಗೆ "ಚಿಕ್ಕೀರಪ್ಪಾss" ಎಂದು ಎತ್ತಿಕೊಂಡ. ಬೀದಿಯ ಜನವೆಲ್ಲ ಕಿಟಕಿಗೆ ಮುಗಿಬಿದ್ದರು. ಅವನು ನಿಲ್ಲಿಸಲಿಲ್ಲ. ಹೆಸರನ್ನು ಏರಿಸಿದ, ಇಳಿಸಿದ, ಕೊಂಕಿಸಿದ, ಕೊನೆಗೆ ಕಾಲೂ ಕುಟ್ಟಿದ. ಮಾವನ ಬಲಗೈಯ ತೋರುಬೆರಳು ಚಾಪೆಯಿಂದ ಮೇಲೆದ್ದಿತು.

ನಾವೆಲ್ಲ ಹಳೆಯ ಅಭ್ಯಾಸಕ್ಕೆ ಬಾಯಿ ಮುಚ್ಚಿದೆವು. ಬೈಗುಳ ಬರುತ್ತದೆಂದು ಕಾದೆವು. ಬೆರಳು ಎದ್ದದ್ದು ಎದ್ದೇ ಇತ್ತು, ಕಣ್ಣು ತೆರೆಯಲಿಲ್ಲ. ಆಮೇಲೆ ಬೆರಳೂ ಮೆಲ್ಲಗೆ ಇಳಿಯತೊಡಗಿತು. ಬೆಳಕಿನ ಚೌಕದ ಅಂಚು ಕೆಮ್ಮಣ್ಣನ್ನು ಮುಟ್ಟಿತು. ಜೈನಾಬಿ ನನ್ನ ತೋಳು ಹಿಡಿದು, "ಅಕ್ಕ, ನಿನ್ದೊಂದು ಉಳ್ದದೆ" ಎಂದಳು.

ಗೊತ್ತಿತ್ತು ನನಗೆ. ಅವರೆಲ್ಲ ಕರೆಯುವಾಗಲೇ ಗೊತ್ತಿತ್ತು, ಅದಕ್ಕೇ ಇನ್ನೊಬ್ಬರನ್ನು ಮುಂದೆ ಮುಂದೆ ತಳ್ಳುತ್ತಿದ್ದೆ. ಅವ್ವನ ಕರೆ ಸವೆದ ದಿನ ನಾನು ಈ ಕಸುಬಿಗೆ ಬಂದಿರಲಿಲ್ಲ. ಬೆಳಗಿನಿಂದ ಅವಳ ಪಕ್ಕ ಕೂತು ಬೇಡಿಕೊಂಡೆ, ಗೆರೆ ದಾಟುವ ತನಕ ಬೇಡಿಕೊಂಡೆ. ಬೇಡಿದಷ್ಟೂ ಅವಳ ಮುಖ ದೂರ ದೂರ ಹೋಗುವುದನ್ನು ಕಣ್ಣಾರೆ ಕಂಡವಳು ನಾನು. ಬೇಡಿದರೆ ಒಳಕ್ಕೆ ಇಳಿಯುತ್ತಾರೆ ಎಂದು ಮಾವ ಹೇಳಿದಾಗ ಅದು ನನಗೆ ಬರೀ ಪಾಠವಾಗಿರಲಿಲ್ಲ. ಈಗ ಬೇಡಿ, ಮಾವನೂ ಇಳಿದುಬಿಟ್ಟರೆ? ಬೈದುಬಿಡೋಣ ಅನ್ನಿಸಿತು, ಬೈಯುವುದು ಸುಲಭ. ಬೈಗುಳವೂ ಬರಲಿಲ್ಲ.

ಮಂಡಿಯೂರಿ ಅವರ ಕಿವಿಯ ಹತ್ತಿರ ಬಾಗಿದೆ. "ಮಾವ" ಎಂದೆ. ಬೇಕೆಂದೇ ತಪ್ಪು ಮಾಡಬೇಕೆಂದು ಹೊರಟವಳಿಗೆ ಅದು ನಾಟಕವಾಗಿ ಉಳಿಯಲಿಲ್ಲ. "ಮಾವ, ದಮ್ಮಯ್ಯ, ಏಳಿ. ನಿಮ್ ಕಾಲಿಗ್ ಬೀಳ್ತೀನಿ. ನೀವು ಮಲಗಿಬಿಟ್ರೆ ಆ ಜಗಲಿ ಮೇಲೆ ನಾನ್ ಯಾರ್ ಜೊತೇಲಿ ಕೂರ್ಲಿ? ನನ್ನ ಯಾರ್ ಬೈತಾರೆ? ಅವ್ವನ್ನ ಕರೆಯೋಕೆ ಬರ್ಲಿಲ್ಲ ನಂಗೆ, ನೀವಾದ್ರೂ ಏಳಿ ಮಾವ, ದಮ್ಮಯ್ಯ ಅಂತೀನಿ, ಒಂದೇ ಒಂದ್ಸಲ ಏಳಿ." ಇನ್ನೂ ಏನೇನು ಹೇಳಿದೆನೋ. ಊರೆಲ್ಲ ಕಿಟಕಿಯಲ್ಲಿ ನಿಂತು ಹುಚ್ಚಕ್ಕ ಅಳುವುದನ್ನು ನೋಡುತ್ತಿತ್ತು. ನೋಡಲಿ ಎಂದು ಸಹ ಅನ್ನಿಸಲಿಲ್ಲ. ಕಣ್ಣು ಮಂಜಾಗಿ ಗೆರೆ ಕಾಣಲಿಲ್ಲ, ಚೌಕವೂ ಕಾಣಲಿಲ್ಲ.

ಯಾರೋ ನನ್ನ ತಲೆಯ ಮೇಲೆ ಮೊಟಕಿದರು. "ಬೇಡಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕೇ ನಿಂಗೆ?" ಎಂಬ ಕೀರಲು ದನಿ. ಕಣ್ಣು ಇನ್ನೂ ಮುಚ್ಚಿಯೇ ಇತ್ತು, ಬೆರಳು ಮಾತ್ರ ನನ್ನ ತಲೆಯ ಮೇಲಿತ್ತು. ಆಮೇಲೆ ಒಂದು ಕಣ್ಣು ತೆರೆದು ರೇವಣ್ಣನನ್ನು ಹುಡುಕಿದರು. "ಯಾವೋನಯ್ಯ 'ಚಿಕ್ಕೀರಪ್ಪಾ' ಅಂತ ಕುಣಿದೋನು? ಕಾಲು ಬೇರೆ ಕುಟ್ತಾನೆ. ಬಡ್ಕಂಡೆ, ಬಡ್ಕಂಡೆ, ಎಲ್ಲಾ ನೀರಲ್ ಹೋಮ." ರೇವಣ್ಣ ಗೋಡೆ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಕೆಂಪಮ್ಮತ್ತೆ ಎದ್ದು, ಯಾರಿಗೂ ಮುಖ ತೋರಿಸದೆ, ಒಲೆ ಹಚ್ಚಲು ಒಳಗೆ ಹೋದರು. ನಾನು ತಿರುಗಿ ನೋಡಿದಾಗ ಬೆಳಕಿನ ಚೌಕ ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ಹೊರಗೆ ಆಳುಗಳು ಡೋಲಿಯನ್ನು ಹೆಗಲಿಗೇರಿಸುವ ಸದ್ದು ಕೇಳಿಸಿತು. ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡೆ.

ಎಲ್ಲವೂ ಸುಖವಾಗಿ ಮುಗಿಯಿತೆಂದು ಹೇಳಲಾರೆ. ರೇವಣ್ಣನ ಕೆಲವು ಗಿರಾಕಿಗಳು ನಿಜವಾಗಿಯೂ ಅವನ ಕರೆಗೆ ಏಳದಂತಾದರು, ಅವರನ್ನು ಬೇರೆಯವರಿಗೆ ಹಂಚಬೇಕಾಯಿತು. ಮುಂದಿನ ಸಭೆಯಲ್ಲಿ ಅವನು ಅದನ್ನೇ ಎತ್ತಿಕೊಂಡು ನನ್ನ ಮೇಲೆ ಹಾರಾಡಿದ. ನಾನೂ ಬಿಡಲಿಲ್ಲ. ಆದರೆ ಮಾವನನ್ನು ಎಬ್ಬಿಸುವ ಸರದಿ ಬಂದಾಗ ಅವನೂ ಹೋಗಿ ಹಾಡಿ ಬರುತ್ತಾನೆ, ಬಾಗಿಲು ಮುಂದೆ ಮಾಡಿಕೊಂಡು. ದಿನಕ್ಕೊಬ್ಬರು ಹೋಗಿ ಕೆಟ್ಟದಾಗಿ ಕರೆಯುತ್ತೇವೆ, ಮಾವ ಬೈಯುತ್ತ ಏಳುತ್ತಾರೆ.

ಇಷ್ಟು ಹೇಳಿದರೂ ಹಾಲಿನವಳು ಒಪ್ಪುವುದಿಲ್ಲ. ಅದೆಲ್ಲ ಮಾವನಿಗೆ ಸಿಕ್ಕಿದ್ದು, ನಿನಗೇನು ಸಿಕ್ಕಿತು ಎಂದು ಕೇಳುತ್ತಾಳೆ. ಅವಳಿಗೆ ಗಂಡನಿದ್ದಾನೆ, ಮನೆತುಂಬ ಮಕ್ಕಳಿದ್ದಾರೆ. ನಮ್ಮೂರಿನಲ್ಲಿ ಒಂಟಿಯಾಗಿ ಮಲಗುವುದೆಂದರೆ ಏನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವ್ವ ಹೋದ ಮೇಲೆ ನನ್ನ ಸರದಿಯಿಲ್ಲದ ರಾತ್ರಿಗಳಲ್ಲಿ ಚಾಪೆ ಹಾಸುವ ಮುಂಚೆ ನೆಲದ ಗೆರೆಯನ್ನು ನೋಡಿ ಮಲಗುತ್ತಿದ್ದೆ. "ಹುಚ್ಚಕ್ಕ, ಸರದಿ ನಿನ್ದು" ಎಂಬುದು ನನ್ನ ಕರೆ. ಅದು ಸವೆದ ದಿನ ನನ್ನ ಪಕ್ಕ ಕೂತು ಬೇರೆಯದನ್ನು ಹುಡುಕುವವರು ಯಾರೂ ಇಲ್ಲ ಎಂದುಕೊಂಡಿದ್ದೆ. ಈ ಹೆದರಿಕೆಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ನನಗೆ ಎಚ್ಚರವಾದದ್ದು ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು. ಬಾಗಿಲಲ್ಲಿ ಮುದ್ದುರಂಗಪ್ಪ ನಿಂತು, "ಹೋಲ್ಡಾನ್! ಹುಚ್ಚಕ್ಕನ್ ಮನೆ ಸ್ಟಾಪ್, ಯಾರ್ರೀ ಇಳಿಯೋರು, ಬೇಗ ಬೇಗ, ಹಿಂದ್ ಗಾಡಿ ಖಾಲಿ ಐತೆ" ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. "ಲೋ, ಮತ್ತೆ ಶುರು ಮಾಡ್ದಾ! ಕರೀ ಅಂದ್ರೆ ಬಸ್ ಓಡಿಸ್ತೀಯಲ್ಲೋ" ಎನ್ನುತ್ತ ಎದ್ದು ಕೂತೆ. ಕೂತ ಮೇಲೆ ನೋಡಿದರೆ ಅವನು ನಗುತ್ತಿದ್ದ. ಅವನ ಹಿಂದೆ ಜೈನಾಬಿಯಿದ್ದಳು, ಈಗಾಗಲೇ ಓಡಲು ತಯಾರಾಗಿ ಸೆರಗು ಸಿಕ್ಕಿಸಿಕೊಂಡಿದ್ದಳು. ಶಾಲಿಲ್ಲದ ರೇವಣ್ಣನೂ ಇದ್ದ, ಗಂಟಲು ಸರಿಮಾಡಿಕೊಳ್ಳುತ್ತಿದ್ದ. ನನ್ನ ಜಗಲಿಯ ಕಂಬಕ್ಕೊರಗಿ ಮಾವ ಕೂತಿದ್ದರು. "ಏನಿದು ಜಾತ್ರೆ?" ಎಂದೆ. ಜೈನಾಬಿ ಹೇಳಿದಳು: "ನಿನ್ ಕರೆ ಸವೀತಾ ಬಂದು ಎಷ್ಟೋ ದಿನ ಆಯ್ತಕ್ಕ. ನಿಂಗೇ ಗೊತ್ತಿಲ್ಲ. ಇವತ್ತು ಹಳೇದು ನಾಟ್ಲೇ ಇಲ್ಲ. ಹೊಸದನ್ನ ನೀನಿಲ್ದಾಗ ಜಗಲಿ ಮೇಲೆ ಕಲೀತಿದ್ವಿ."

ನಾನು ಚಾಪೆಯ ಮೇಲೆ ಹಾಗೇ ಕೂತಿದ್ದೆ. ನೆಲದ ಗೆರೆ ಬಹಳ ದೂರದಲ್ಲಿತ್ತು, ಬೆಳಕಿನ ಚೌಕ ಇನ್ನೂ ಒಳಗೇ ಬಂದಿರಲಿಲ್ಲ. ಮಾವ ಕಣ್ಣು ತೆರೆಯದೆ ಬೆರಳೆತ್ತಿ ಮುದ್ದುರಂಗಪ್ಪನ ಕಡೆ ತೋರಿಸಿದರು. "ಕರೆ ಕೊನೇಲಿ ಒಂಚೂರು ಸರಿಯಾಗ್ ಬಂದ್ಬುಡ್ತಲ್ಲಯ್ಯ" ಎಂದರು. "ನಾಳೆ ಇನ್ನೊಂಚೂರು ಕೆಡಿಸಿ ಕರಿ. ಇವ್ಳು ಏಳ್ಬೇಕು."